ಹುಳು ಮುಟ್ಟದ ಕೈಯ ಗಾಳ

ಟೆಕ್ಸಾಸಿನ ನಮ್ಮ ಕನ್ನಡ ಬಳಗದ ಇಬ್ಬರು ಹೆಣ್ಣುಮಕ್ಕಳು ಈಗ ನಾನು ಬಿಟ್ಟುಬಂದ ಕೆಲಸಕ್ಕೆ ಸೇರಿದ್ದಾರೆ. ಅವರಲ್ಲಿ ಒಬ್ಬಳು ಮೊನ್ನೆ ಫೋನಿನಲ್ಲಿ, "ಬರೀ ಮಣಿ ಪೋಣಿಸೋದು ತಾನೇ ಆಂಟಿ, ಅದರಲ್ಲೇನಿದೆ?" ಎಂದಳು. ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಯಾವಾಗ ಸೂಪರ್‌ವೈಸರ್ ಆದೆ, ಯಾರು ಹೂಗುಚ್ಛ ಕೊಟ್ಟರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿದರೆ ಯಾರಿಗೂ ಒಂದು ಗಂಟು ಕಟ್ಟಲು ಬರುವುದಿಲ್ಲ.

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ಅದಕ್ಕೆ ವರ್ಮ್ ಹಾರ್ನೆಸ್ ಎನ್ನುತ್ತಾರೆ. ಒಂದು ಗಜಕ್ಕೂ ಮಿಕ್ಕ ಪಾರದರ್ಶಕ ದಾರ. ಅದರ ತುದಿಯಲ್ಲಿ ಒಂದರ ಹಿಂದೆ ಒಂದು ಎರಡು ಸಣ್ಣ ಗಾಳ. ಗಾಳದ ಮುಂದೆ ನಾಲ್ಕೈದು ಬಣ್ಣದ ಮಣಿ. ಮಣಿಗಳ ಮುಂದೆ ಪುಟ್ಟ ಕೊಂಡಿಯಲ್ಲಿ ತೂಗುವ, ಚಮಚದ ಬಾಯಿಯಂಥ ಹಿತ್ತಾಳೆ ತಗಡು. ಅದಕ್ಕೆ ಬ್ಲೇಡ್ ಎನ್ನುತ್ತೇವೆ. ಎರಡೂ ಗಾಳಕ್ಕೆ ಸೇರಿಸಿ ಒಂದು ಜೀವಂತ ಎರೆಹುಳು ಚುಚ್ಚಬೇಕು. ಆಮೇಲೆ ದೋಣಿಯನ್ನು ನಡಿಗೆಗಿಂತ ನಿಧಾನವಾಗಿ ಬಿಡುತ್ತ ಇದನ್ನು ಕೆರೆಯ ತಳದ ಹತ್ತಿರ ಎಳೆದುಕೊಂಡು ಹೋಗಬೇಕು. ಇದೇ ಟ್ರೋಲಿಂಗ್. ಬ್ಲೇಡ್ ಗಿರಗಿರ ತಿರುಗಿ ಮಿನುಗುತ್ತದೆ. ವಾಲೈ ಎಂಬ ಮೀನು ಅದನ್ನು ಕಂಡು ಬಂದು ಹುಳುವಿಗೆ ಬಾಯಿ ಹಾಕುತ್ತದೆ. ವಾಲೈ ಉತ್ತರದ ತಣ್ಣೀರಿನ ಮೀನು, ಟೆಕ್ಸಾಸಿನಲ್ಲಿ ಅಪರೂಪ. ಆದರೆ ಮಿನೆಸೋಟ, ವಿಸ್ಕಾನ್ಸಿನ್ ಕಡೆಯಿಂದ ಚಳಿ ತಾಳದೆ ಇಲ್ಲಿಗೆ ಬಂದು ನೆಲೆಸಿದವರು ಬಹಳ ಮಂದಿ. ಅವರ ಸಾಮಾನಿನ ಜೊತೆ ಈ ಹುಚ್ಚೂ ಬಂದಿದೆ.

ಅಂಥವರಲ್ಲಿ ಒಬ್ಬ ಕಾರ್ಲ್. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಹೆದ್ದಾರಿಯ ಬದಿ ಒಂದು ಸಣ್ಣ ಬಾಡಿಗೆ ಜಾಗದಲ್ಲಿ ಹಾರ್ನೆಸ್ ಕಟ್ಟಿಸುತ್ತಿದ್ದ. ಒಂದು ಕಡೆ ದಂತವೈದ್ಯರ ಆಫೀಸು, ಇನ್ನೊಂದು ಕಡೆ ತೆರಿಗೆ ಲೆಕ್ಕ ಮಾಡುವವರು, ನಡುವೆ ನಾವು. ಎರಡು ಸಾವಿರದ ಹನ್ನೊಂದರಲ್ಲಿ, ಸೂಕ್ಷ್ಮ ಕೈಕೆಲಸ ಬಲ್ಲವರು ಬೇಕು ಎಂಬ ಚೀಟಿ ನೋಡಿ ಒಳಗೆ ಹೋದೆ. ನನ್ನ ತಂದೆಗೆ ಹುಬ್ಬಳ್ಳಿಯಲ್ಲಿ ಸರ ಪೋಣಿಸುವ, ಶಿವದಾರ ಹೆಣೆಯುವ ಪುಟ್ಟ ಅಂಗಡಿ ಇತ್ತು. ಮದುವೆಯಾಗುವವರೆಗೆ ನಾನು ಅಲ್ಲೇ ಕೂತು ಕೆಲಸ ಮಾಡಿದವಳು. ಕಾರ್ಲ್ ಒಂದು ದಾರ, ಒಂದು ಗಾಳ ಕೊಟ್ಟು ಗಂಟು ಹೇಗೆಂದು ಒಮ್ಮೆ ತೋರಿಸಿದ. ನಾನು ಕಟ್ಟಿ ಕೊಟ್ಟೆ. ಅದನ್ನು ಎಳೆದು ನೋಡಿ, ನಾಳೆಯಿಂದ ಬಾ ಎಂದ.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ನನ್ನ ಗಂಡ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ತೈಲ ಕಂಪನಿಗಳ ಬಡಾವಣೆಯಲ್ಲಿ ಪೈಪ್‌ಲೈನ್ ಎಂಜಿನಿಯರ್. ವಾರವಿಡೀ ಅಲ್ಲಿದ್ದು ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು, ನಮ್ಮ ಅತ್ತೆ. ಅತ್ತೆ ಲಿಂಗಪೂಜೆ ಮಾಡದೆ ನೀರು ಕುಡಿದವರಲ್ಲ. ಟೆಕ್ಸಾಸಿಗೆ ಬಂದು ಇಷ್ಟು ವರ್ಷವಾದರೂ ಹೋಟೆಲಿನ ಒಂದು ತುತ್ತು ಬಾಯಿಗಿಟ್ಟವರಲ್ಲ. ಅವರ ಬಲಭುಜ ಹಿಡಿದುಕೊಂಡು ಕೈ ಮೇಲಕ್ಕೆ ಏಳುತ್ತಿರಲಿಲ್ಲ. ಹಾಗಾಗಿ ಅವರು ಉಣ್ಣುತ್ತಿದ್ದುದು ನನ್ನ ಕೈಯ ಅಡುಗೆ ಒಂದನ್ನೇ. ಕೆಲಸದ ವಿಷಯ ಇದ್ದದ್ದು ಇದ್ದಂತೆ ಹೇಳಿದೆ.

"ಗಾಳ ಕಟ್ಟೂದು ಅಂದಿ. ಹುಳ ಚುಚ್ಚವರು ಯಾರು?" ಅಂದರು.

"ಕೊಂಡವರು ಚುಚ್ಚತಾರ್ರಿ ಅತ್ತಿ. ನಂದು ದಾರ, ಮಣಿ ಅಷ್ಟರೀ."

"ಹಂಗಿದ್ರ ಹೋಗು. ಆದ್ರ ಒಂದು ಹೇಳತೀನಿ ಕೇಳು. ಜೀಂವ ಇದ್ದ ಹುಳಕ್ಕ ಕೊಕ್ಕಿ ಚುಚ್ಚಿದ ಕೈಲೆ ರೊಟ್ಟಿ ಬಡದ್ರ ನಾ ಉಣ್ಣಾಂಗಿಲ್ಲ."

ಅತ್ತೆ ಹೆದರಿಸಲು ಮಾತಾಡುವವರಲ್ಲ. ಉಣ್ಣುವುದಿಲ್ಲ ಎಂದರೆ ಉಣ್ಣುವುದಿಲ್ಲ. ಆ ಮನೆಯಲ್ಲಿ ಅವರಿಗೆ ಅಡುಗೆ ಮಾಡಿ ಹಾಕಲು ಬೇರೆ ಕೈ ಇರಲಿಲ್ಲ. ನನಗೂ ಹುಳು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಆಗಲಿ ಎಂದು ಒಪ್ಪಿಕೊಂಡೆ.

ಮೊದಲ ವಾರವೇ ಎಡವಟ್ಟು ಮಾಡಿದೆ. ನಮ್ಮಲ್ಲಿ ಮುತ್ತಿನ ಸರ ಪೋಣಿಸುವಾಗ ಮಣಿಗೂ ಮಣಿಗೂ ನಡುವೆ ಸಣ್ಣ ಗಂಟು ಹಾಕುತ್ತೇವೆ. ಮಣಿ ಮಣಿಗೆ ಉಜ್ಜಬಾರದು, ದಾರ ಹರಿದರೂ ಚೆಲ್ಲಾಪಿಲ್ಲಿಯಾಗಬಾರದು. ಗಂಟಿಲ್ಲದ ಸರ ಕೊಟ್ಟರೆ ನಮ್ಮಪ್ಪ ವಾಪಸ್ ಮುಖದ ಮೇಲೆ ಎಸೆಯುತ್ತಿದ್ದರು. ನಾನು ಇಲ್ಲೂ ಹಾಗೇ ಮಾಡಿದೆ. ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ. ವಾರದ ಕೊನೆಗೆ ನನ್ನ ಮೇಜಿನ ತುಂಬ ಹಾರ್ನೆಸ್ಸು, ಒಂದೊಂದೂ ಮದುವೆ ಹೆಣ್ಣಿನ ಕೊರಳಿಗೆ ಹಾಕುವಂತಿತ್ತು.

ಕಾರ್ಲ್ ಹೊಸಬರ ಕೆಲಸವನ್ನು ತನ್ನ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಪರೀಕ್ಷೆ ಮಾಡುತ್ತಿದ್ದ. ಕೈಯಲ್ಲಿ ರಾಡ್, ಅಂದರೆ ಗಾಳದ ಕೋಲು, ಹಿಡಿದು ಕೊಳದ ಅಂಚಿನಲ್ಲಿ ಉದ್ದಕ್ಕೂ ನಡೆಯುತ್ತಿದ್ದ. ಚಡ್ಡಿ ಹಾಕಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನನ್ನ ಹಾರ್ನೆಸ್ ನೀರಿನಲ್ಲಿ ಸತ್ತ ಎಲೆಯಂತೆ ಬಂತು. ಬ್ಲೇಡ್ ಒಂದು ಸುತ್ತೂ ತಿರುಗಲಿಲ್ಲ. ಮಣಿಗಳು ಸಡಿಲವಾಗಿ ಉರುಳಾಡಿದರೆ ತಾನೇ ಅವುಗಳ ಮೇಲೆ ಕೊಂಡಿ ತಿರುಗುವುದು, ಕೊಂಡಿ ತಿರುಗಿದರೆ ತಾನೇ ಬ್ಲೇಡ್ ತಿರುಗುವುದು? ನಾನು ಎಲ್ಲವನ್ನೂ ಬಿಗಿದು ಕೂರಿಸಿದ್ದೆ. ಕಾರ್ಲ್ ಬೈಯಲಿಲ್ಲ. ಕತ್ತರಿ ಕೈಗೆ ಕೊಟ್ಟು, ನಿನ್ನ ಕೈಯಿಂದಲೇ ಬಿಚ್ಚು ಎಂದ. ಬೈದಿದ್ದರೆ ವಾಸಿಯಿತ್ತು. ಅವನ ಹೆಂಡತಿ ಲೋಯಿಸ್ ಮಾತ್ರ ಒಂದನ್ನು ಗಾಳ ಕತ್ತರಿಸಿ ತೆಗೆದು ಕೊರಳಿಗೆ ಹಾಕಿಕೊಂಡು ಭಾನುವಾರ ಚರ್ಚಿಗೆ ಹೋದಳಂತೆ. ಎಲ್ಲಿ ಕೊಂಡೆ ಎಂದು ಅಲ್ಲಿ ಎಲ್ಲರೂ ಕೇಳಿದರಂತೆ.

ಹೊಸ ಹುಡುಗಿಯರೇ, ಕೈಗೆ ಮೊದಲೇ ಗೊತ್ತಿರುವ ವಿದ್ಯೆಯನ್ನು ಇಲ್ಲಿ ಸ್ವಲ್ಪ ಅನುಮಾನದಿಂದ ನೋಡಿ. ರಂಗೋಲಿ, ಹೆಣಿಗೆ, ಕಸೂತಿ ಏನೇ ಬರಲಿ, ಮೊದಲು ನೀರಿನಲ್ಲಿ ಎಳೆದು ನೋಡಿ.

ಎರಡನೆಯ ಎಡವಟ್ಟು ವಾಸನೆಯದು. ಬೇಸಿಗೆಗೆ ಮುಂಚೆ ಆರ್ಡರ್ ಹೆಚ್ಚಾದಾಗ ಕೆಲಸವನ್ನು ಮನೆಗೆ ತರುತ್ತಿದ್ದೆ. ಊಟದ ಮೇಜೇ ಕಾರ್ಖಾನೆ. ಮೀನಿಗೆ ಮೂಗು ಬಹಳ ಚುರುಕು ಎಂದು ಕಾರ್ಲ್ ಹೇಳಿದ್ದ. ಹಾಗಾಗಿ ಕೈಗೆ ಕ್ರೀಮ್ ಹಚ್ಚುತ್ತಿರಲಿಲ್ಲ, ಅತ್ತರು ಹಾಕುತ್ತಿರಲಿಲ್ಲ. ಒಗ್ಗರಣೆಯ ನೆನಪು ಮಾತ್ರ ನನಗೂ ಬಂದಿರಲಿಲ್ಲ, ಅವನಿಗೂ ಬಂದಿರಲಿಲ್ಲ. ಒಂದು ದಿನ ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನಿಂದ ಮೂರ್ತಿ ಅಂಕಲ್ ಫೋನ್ ಮಾಡಿದರು. ಅವರು ಮೈಸೂರಿನವರು, ನಿವೃತ್ತ ಡಾಕ್ಟರು. ಅವರ ಹೊಸ ಬಡಾವಣೆಯ ತುಂಬ ಉತ್ತರದಿಂದ ಬಂದ ನಿವೃತ್ತರೇ. ಪಕ್ಕದ ಮನೆಯಾತ ನಮ್ಮ ಗಿರಾಕಿ.

"ಏನಮ್ಮಾ, ನಿಮ್ಮ ಗಾಳದ ಪ್ಯಾಕೆಟ್ ಬಿಚ್ಚಿದ್ರೆ ಸಾರಿನ ವಾಸನೆ ಬರುತ್ತಂತೆ! ನನ್ನ ಹತ್ರ ತಂದು ಇದೇನು ಕೆಮಿಕಲ್ ಅಂತ ಕೇಳ್ದ. ಮೂಸಿ ನೋಡ್ದೆ. ಇಂಗು ಕಣಮ್ಮಾ! ಅಪ್ಪಟ ಇಂಗು!"

"ಅಯ್ಯೋ ಅಂಕಲ್, ಏನಂದ್ರಿ ಅವರಿಗೆ?"

"ಇಂಡಿಯನ್ ಮೆಡಿಸಿನ್, ಜೀರ್ಣಕ್ಕೆ ಒಳ್ಳೇದು ಅಂದೆ. ಯಾರ ಜೀರ್ಣಕ್ಕೆ ಅಂತ ಅವನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಇಂಗಿಗೆ ಮೀನು ಓಡುತ್ತದೋ ಬರುತ್ತದೋ ಇಂದಿಗೂ ಗೊತ್ತಿಲ್ಲ. ಆ ಸಲ ಒಬ್ಬ ಏನೂ ಸಿಗಲಿಲ್ಲವೆಂದು ಹಿಂದಿರುಗಿಸಿದ, ಇನ್ನೊಬ್ಬ ಅದೇ ಮಸಾಲೆಯದು ಬೇಕೆಂದು ಮತ್ತೆ ಕೇಳಿದ. ಕಾರ್ಲ್‌ಗೆ ಇಬ್ಬರ ಮಾತಿನಲ್ಲೂ ನಂಬಿಕೆ ಇರಲಿಲ್ಲ. ಕೆಲಸವನ್ನು ಮನೆಗೆ ಒಯ್ಯುವುದನ್ನು ನಿಲ್ಲಿಸಿದ, ಅಷ್ಟೇ. ಈಗ ನೀವು ಮನೆಯಲ್ಲೇ ಕಟ್ಟುತ್ತೀರಿ ಎಂದು ಕೇಳಿದ್ದೇನೆ. ಅಡುಗೆಮನೆಯಿಂದ ದೂರದ ಕೋಣೆಯಲ್ಲಿ ಕೂರಿ, ಬಾಗಿಲು ಹಾಕಿಕೊಳ್ಳಿ.

ಬಣ್ಣದ ವಿಷಯದಲ್ಲಿ ಗಿರಾಕಿಗಳ ಜೊತೆ ವಾದ ಮಾಡಬೇಡಿ. ಹ್ಯೂಸ್ಟನ್ನಿನಲ್ಲಿ ಪ್ರತಿ ವಸಂತದಲ್ಲಿ ಮೀನುಗಾರಿಕೆ ಸಾಮಾನಿನ ಪ್ರದರ್ಶನಕ್ಕೆ ನಾವು ಮೇಜು ಹಾಕುತ್ತಿದ್ದೆವು. ಎನರ್ಜಿ ಕಾರಿಡಾರಿನ ತೈಲ ಕಂಪನಿಗಳ ಜನ ಗುಂಪುಗುಂಪಾಗಿ ಬರುತ್ತಿದ್ದರು. ಬೇಸಿಗೆಯಲ್ಲಿ ಕೆನಡಾ ಕಡೆಗೆ ಹೋಗಿ ಮೀನು ಹಿಡಿಯುವವರು. ಅವರಿಗೆ ತಮ್ಮ ಕಂಪನಿಯ ಬಣ್ಣದ್ದೇ ಮಣಿ ಬೇಕು. ಆಸ್ಟಿನ್ನಿನವರಿಗೆ ತಮ್ಮ ಕಾಲೇಜಿನ ಕಿತ್ತಳೆಯೇ ಬೇಕು, ಬೇರೆ ಬಣ್ಣ ತೋರಿಸಿದರೆ ಅವಮಾನವಾದಂತೆ ನೋಡುತ್ತಿದ್ದರು. ಮೋಜೆಂದರೆ, ವಾಲೈ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣಗಳಲ್ಲಿ ಕಿತ್ತಳೆಯೂ ಒಂದು ಎಂದು ಕಾರ್ಲ್ ಹೇಳುತ್ತಿದ್ದ. ಆಸ್ಟಿನ್ನಿನವರು ಅದನ್ನು ತಮ್ಮ ಕಾಲೇಜಿನ ಹೆಚ್ಚುಗಾರಿಕೆ ಎಂದುಕೊಂಡರು. ನಾವು ಬೇಡವೆನ್ನಲಿಲ್ಲ.

ನಡುವೆ ಕೆಲಸದ ರೀತಿ ಬದಲಾಯಿತು. ಕಾರ್ಲ್‌ಗೆ ವಯಸ್ಸಾಯಿತು, ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಜೋಮು ಹಿಡಿದವು. ವ್ಯವಹಾರ ನೋಡಿಕೊಳ್ಳಲು ಡೆನಿಸ್ ಎಂಬ ಹೆಂಗಸನ್ನು ತಂದ. ಡೆನಿಸ್ ಕೆಟ್ಟವಳಲ್ಲ, ಕೆಲಸ ಬಲ್ಲವಳು. ಬಾರ್‌ಕೋಡ್ ತಂದಳು, ಪ್ಲಾಸ್ಟಿಕ್ ಬ್ಲೇಡ್ ತಂದಳು. ಹಿತ್ತಾಳೆ ಬ್ಲೇಡ್ ನಿಧಾನದಲ್ಲಿ ನಿಂತುಬಿಡುತ್ತದೆ, ಪ್ಲಾಸ್ಟಿಕ್ ನಿಲ್ಲುವುದಿಲ್ಲ. ಅದು ನಿಜಕ್ಕೂ ಒಳ್ಳೆಯ ಬದಲಾವಣೆ. ನಾನು ಮೂಗು ಮುರಿದದ್ದು ಸುಮ್ಮನೆ. ಎರಡು ಗಾಳಗಳ ನಡುವೆ ಎಷ್ಟು ಅಂತರ ಇರಬೇಕು ಎಂಬುದನ್ನು ಮೊದಲು ಕಾರ್ಲ್ ತನ್ನ ಬೆರಳಿನಿಂದ ಅಳೆದು ತೋರಿಸುತ್ತಿದ್ದ. ಅವನ ಬೆರಳು ಸೋತ ಮೇಲೆ ಆ ಕೆಲಸ ನನಗೆ ಬಂತು. ನಾನು ಅಂಗಡಿಯ ರಬ್ಬರ್ ಹುಳು ಒಂದನ್ನು ಮೇಜಿಗೆ ಅಂಟಿಸಿಕೊಂಡು ಅದನ್ನೇ ಅಳತೆ ಮಾಡಿಕೊಂಡೆ. ರಬ್ಬರ್ ಮುಟ್ಟಲು ಅತ್ತೆಯ ಅಡ್ಡಿಯಿರಲಿಲ್ಲ. ಒಂದನ್ನು ಮನೆಗೆ ತಂದು ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿ, "ಇದನ್ನ ಹಾಕಿದ್ರ ಆಗೂದಿಲ್ಲೇನು? ಮೀನಿಗೆ ಏನು ತಿಳೀತದ?" ಎಂದಿದ್ದರು.

ಆ ವರ್ಷದಿಂದ ಮಾಲು ಹಿಂದಿರುಗಿ ಬರತೊಡಗಿತು. ದಾರ ತಿರುಚಿಕೊಳ್ಳುತ್ತದೆ, ಹುಳು ಗಿರಕಿ ಹೊಡೆಯುತ್ತದೆ, ಮೀನು ಹತ್ತಿರ ಬರುವುದಿಲ್ಲ ಎಂಬ ದೂರು. ನನ್ನ ಗಂಟು ಎಳೆದು ನೋಡಿದೆವು, ಸರಿಯಿತ್ತು. ಮಣಿ ಸರಿ, ಬ್ಲೇಡ್ ಸರಿ. ಡೆನಿಸ್ ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದಳು. ಈ ಸೀಸನ್ ಹೀಗೇ ಆದರೆ ಕೈಯಲ್ಲಿ ಕಟ್ಟುವುದನ್ನು ನಿಲ್ಲಿಸಿ ಹೊರಗಿನಿಂದ ಸಿದ್ಧ ಮಾಲು ತರಿಸುತ್ತೇವೆ, ನಿನಗೆ ಬೇರೆ ಕೆಲಸ ಇಲ್ಲಿ ಇರುವುದಿಲ್ಲ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆ ಕೆಲಸ ನನಗೆ ಬೇಕಿತ್ತು. ಗಂಡನ ಸಂಬಳ ಸಾಲದೆಂದಲ್ಲ. ಮದುವೆಯಾದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಬೇರೆ ಏನೂ ಇರಲಿಲ್ಲ.

ಕೆರೆಗೇ ಹೋಗಿ ನೋಡೋಣ ಎಂದ ಕಾರ್ಲ್. ಟೆಕ್ಸಾಸಿನ ಉತ್ತರದ ತುದಿಯ ಬಯಲಿನಲ್ಲಿ ವಾಲೈ ಇರುವ ದೊಡ್ಡ ಕೆರೆ ಒಂದಿದೆ. ಅವನ ಟ್ರಕ್ಕಿನಲ್ಲಿ ಲೋಯಿಸ್, ಅವನು, ನಾನು. ಹಿಂದೆ ದೋಣಿ. ಮರವಿಲ್ಲದ ಕೆಂಪು ನೆಲ, ಗಾಳಿಯೋ ಗಾಳಿ. ನನಗೆ ಬಾದಾಮಿಯ ಕಡೆ ಹೋದಂತೆ ಅನ್ನಿಸಿತು. ದೋಣಿ ನಡೆಸುವವಳು ಲೋಯಿಸ್. ಇಷ್ಟು ವರ್ಷ ಗಾಳ ಕಟ್ಟಿದವಳು ನಾನು ಅಂದು ಮೊದಲ ಸಲ ಗಾಳ ನೀರಿಗಿಳಿಯುವುದನ್ನು ಕಂಡೆ.

ಕಾರ್ಲ್ ಡಬ್ಬಿಯಿಂದ ಹುಳು ತೆಗೆದ. ಬೆರಳಿಗೆ ಸ್ಪರ್ಶವಿಲ್ಲ, ಅದು ಜಾರಿ ಬಿತ್ತು. ಮತ್ತೊಂದು ತೆಗೆದು ಓರೆಯಾಗಿ ಚುಚ್ಚಿದ. ಓರೆ ಚುಚ್ಚಿದರೆ ಹೇಗೂ ಗಿರಕಿ ಹೊಡೆಯುತ್ತದೆ, ತಪ್ಪು ಗಾಳದ್ದೋ ಚುಚ್ಚಿದ್ದರದ್ದೋ ತಿಳಿಯುವುದಿಲ್ಲ. ಮೂರು ನಾಲ್ಕು ಸಲ ಹಾಗೇ ಆಯಿತು. ಅವನ ಬೆರಳಿಂದ ರಕ್ತ ಬಂತು, ಅವನಿಗೆ ಅದೂ ಗೊತ್ತಾಗಲಿಲ್ಲ. ನಾನು ಲೋಯಿಸಳ ಮುಖ ನೋಡಿದೆ. ಅವಳು ಸ್ಟೀರಿಂಗ್ ಬಿಡದೆ, ಆಗದು ಎಂಬಂತೆ ತಲೆಯಾಡಿಸಿದಳು. ಮದುವೆಗೆ ಮುಂಚೆಯೇ ಹೇಳಿಬಿಟ್ಟಿದ್ದಳಂತೆ, ದೋಣಿ ನಡೆಸುತ್ತೇನೆ, ಹುಳು ಮಾತ್ರ ಮುಟ್ಟುವುದಿಲ್ಲ ಎಂದು.

ಕಾರ್ಲ್ ಡಬ್ಬಿ ಮುಚ್ಚಿದ. ನನ್ನ ಮನೆಯ ಕಟ್ಟಳೆ ಅವನಿಗೆ ಗೊತ್ತಿತ್ತು. ನೀನು ಮುಟ್ಟಬೇಕಾಗಿಲ್ಲ, ಹಿಂದಿರುಗೋಣ ಎಂದ. ನನಗೆ ಕಣ್ಣ ಮುಂದೆ ಬಂದದ್ದು ಅತ್ತೆಯ ತಟ್ಟೆ. ಆಮೇಲೆ ನನ್ನ ಕೆಲಸದ ಮೇಜು. ಡಬ್ಬಿಗೆ ಕೈ ಚಾಚಿದೆ.

ತಣ್ಣಗಿತ್ತು. ಬೆರಳ ನಡುವೆ ಒದ್ದಾಡಿತು, ಮುದುಡಿ ಮುದುಡಿ ಅರ್ಧಕ್ಕೆ ಇಳಿಯಿತು. ಮೂತಿಯ ತುದಿಗೆ ಮೊದಲ ಗಾಳ ಚುಚ್ಚಿದೆ. ಕಣ್ಣಲ್ಲಿ ನೀರು ಬಂತು. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಎರಡನೆಯ ಗಾಳ ಚುಚ್ಚಿ ನೀರಿಗೆ ಬಿಟ್ಟೆ. ದೋಣಿಯ ಪಕ್ಕದಲ್ಲೇ ತೇಲಿಸಿ ನೋಡುತ್ತಿದ್ದಂತೆ ಹುಳು ನಿಧಾನವಾಗಿ ಮೈ ಬಿಟ್ಟು ಉದ್ದವಾಯಿತು. ಎರಡು ಗಾಳಗಳ ನಡುವೆ ಅದಕ್ಕೆ ಜಾಗವಿರಲಿಲ್ಲ. ಬಿಲ್ಲಿನಂತೆ ಬಾಗಿತು, ಬಾಗಿದ್ದು ಗಿರಕಿ ಹೊಡೆಯತೊಡಗಿತು, ದಾರ ತಿರುಚಿಕೊಂಡಿತು.

ಅಷ್ಟೇ ವಿಷಯ. ಜೀವವಿರುವ ಹುಳು ಕೈಯಲ್ಲಿ ಮುದುಡುತ್ತದೆ, ನೀರಿನಲ್ಲಿ ಚಾಚುತ್ತದೆ. ರಬ್ಬರ್ ಹುಳು ಎರಡನ್ನೂ ಮಾಡುವುದಿಲ್ಲ. ಯಾವ ಪ್ರಾಣಿಗೆ ಕಟ್ಟುತ್ತಿದ್ದೆನೋ ಅದನ್ನು ಒಮ್ಮೆಯೂ ಮುಟ್ಟದೆ ನಾನು ಅಳತೆ ಇಟ್ಟಿದ್ದೆ. ದೋಣಿಯಲ್ಲೇ ಕೂತು ಅಂತರ ಹೆಚ್ಚಿಸಿ ಹೊಸದೊಂದು ಕಟ್ಟಿದೆ, ಇನ್ನೊಂದು ಹುಳು ಚುಚ್ಚಿದೆ. ಈ ಸಲ ಅದು ನೀರಿನಲ್ಲಿ ನೆಟ್ಟಗೆ ಮಲಗಿ ಹಿಂಬಾಲಿಸಿತು. ಲೋಯಿಸ್ ದೋಣಿಯನ್ನು ಮೆಲ್ಲಗೆ ದಡಕ್ಕೆ ಸಮಾಂತರವಾಗಿ ಬಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಕಾರ್ಲ್‌ನ ರಾಡ್ ಬಾಗಿತು. ಮೇಲೆ ಬಂದ ವಾಲೈ ಮೀನಿನ ಕಣ್ಣು ಗಾಜಿನ ಗೋಲಿಯಂತೆ ಬೆಳ್ಳಗಿತ್ತು. ಕಾರ್ಲ್ ಅದನ್ನು ನೀರಿಗೆ ವಾಪಸ್ ಬಿಟ್ಟ. ನನ್ನ ಮುಖ ನೋಡಿ ಬಿಟ್ಟನೋ, ಚಿಕ್ಕದೆಂದು ಬಿಟ್ಟನೋ, ಕೇಳಲಿಲ್ಲ.

ಕೆಲಸ ಉಳಿಯಿತು. ಡೆನಿಸ್ ಹೊಸ ಅಳತೆಯ ಹಲಗೆ ಮಾಡಿಸಿದಳು. ಪ್ರತಿ ಸೀಸನ್ನಿನ ಶುರುವಿಗೆ ಬಂದ ಹುಳುವಿನ ಉದ್ದ ನೋಡಿ ಅದನ್ನು ನಾನೇ ತಿದ್ದಬೇಕು ಎಂದು ತೀರ್ಮಾನವಾಯಿತು.

ಮನೆಗೆ ಬಂದು ಸ್ನಾನ ಮಾಡಿ, ಜಪ ಮಾಡುತ್ತಿದ್ದ ಅತ್ತೆಯ ಮುಂದೆ ನೆಲಕ್ಕೆ ಕೂತೆ.

"ಇವತ್ತ ಹುಳ ಚುಚ್ಚೇನ್ರಿ ಅತ್ತಿ."

ಜಪದ ಮಣಿ ನಿಂತಿತು. "ಯಾರರೆ ಒತ್ತಾಯ ಮಾಡಿದ್ರೇನು?"

"ಇಲ್ರಿ. ನಾನಾಗೇ ಚುಚ್ಚಿದೆ."

"ಇನ್ನೊಮ್ಮೆ ಚುಚ್ಚತೀಯೇನು?"

ಇಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ವರ್ಷಾ ಒಂದೆರಡು ಸಲ ಚುಚ್ಚಬೇಕಾಗತದ್ರಿ. ಇಲ್ಲಂದ್ರ ಅಳತಿ ತಪ್ಪತದ," ಅಂದೆ.

ಅತ್ತೆ ಮತ್ತೆ ಜಪಕ್ಕೆ ಕೂತರು. ಆ ರಾತ್ರಿ ಎದ್ದು ಹೋಗಿ ಎಡಗೈಯಿಂದ ತಾವೇ ಹಾಲು ಬಗ್ಗಿಸಿಕೊಂಡರು, ಬಾಳೆಹಣ್ಣು ಸುಲಿದುಕೊಂಡರು. ಮರುದಿನವೂ ಅಷ್ಟೇ. ಸಿಟ್ಟಿಲ್ಲ, ಒಂದು ಬಿರುಸು ಮಾತಿಲ್ಲ. ಔಷಧಿ ಕೊಟ್ಟರೆ ತೆಗೆದುಕೊಂಡರು, ತಲೆ ಬಾಚಲು ಬಿಟ್ಟರು. ಊಟ ಮಾತ್ರ ಇಲ್ಲ. ಫೋನಿನಲ್ಲಿ ಗಂಡನಿಗೆ ಹೇಳಿದೆ. "ಅವ್ವನ ಜಿದ್ದು ನಿನಗ ಗೊತ್ತಿಲ್ಲೇನು? ಕೆಲಸ ಬಿಟ್ಟಬಿಡು," ಅಂದರು. ಬಿಡುವುದಿಲ್ಲ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಅತ್ತೆಯ ಕೋಣೆಯ ಕಡೆ ನೋಡಿದೆ. ಹೊದ್ದುಕೊಂಡು ಮಲಗಿದ್ದವರು ಬಹಳ ಸಣ್ಣಗೆ ಕಂಡರು. ಎಂಬತ್ತರ ಜೀವ, ನನ್ನ ಹಟಕ್ಕೆ ಹಾಲು ಹಣ್ಣಿನಲ್ಲಿ ಸವೆಯುತ್ತಿದೆಯಲ್ಲ ಅನ್ನಿಸಿತು. ಮುಂದಿನ ಸೋಮವಾರ ಹೋಗಿ ಡೆನಿಸ್‌ಗೆ ಕೆಲಸ ಬಿಡುತ್ತೇನೆಂದು ಹೇಳಿ ಬಂದುಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ, ಗಂಡ ಇನ್ನೂ ಮಲಗಿದ್ದಾಗಲೇ, ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳವಾಯಿತು. ಓಡಿ ಹೋದೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮುಂದೆ ಪರಾತದಲ್ಲಿ ಜೋಳದ ಹಿಟ್ಟು. ಬಿಸಿನೀರು ಹಾಕಿ ಎಡಗೈಯೊಂದರಿಂದಲೇ ನಾದಿ ನಾದಿ ಉಂಡೆ ಮಾಡಿದ್ದರು. ಮೊಣಕೈವರೆಗೆ ಹಿಟ್ಟು, ಸೆರಗಿಗೂ ಹಿಟ್ಟು.

"ಏನ್ರಿ ಇದು, ನನ್ನ ಕರೀಬಾರದೇನ್ರಿ?"

"ಹಿಟ್ಟು ನಾ ನಾದೇನಿ. ಒಲಿ ಕರೆಂಟಿಂದು. ನಡುವ ನಿನ್ನ ಕೈ ಇಷ್ಟ ಐತಿ," ಎಂದು ಬೆರಳಿನಲ್ಲಿ ಒಂದು ಚೂರು ಅಳತೆ ತೋರಿಸಿದರು. "ಅಷ್ಟಕ್ಕ ಶಿವ ಏನೂ ಅನ್ನಾಂಗಿಲ್ಲ. ನಿಂತ್ಯಾಕ? ಬಡಿ."

ನಾನು ಕೈ ತೊಳೆದು ಬಂದು ಬಡಿದೆ. ಮೊದಲ ರೊಟ್ಟಿ ಉಬ್ಬಿತು, ತಟ್ಟೆಗೆ ಹಾಕಿದೆ. ಅತ್ತೆ ಮುರಿದು, ಬೆಣ್ಣೆ ಹಚ್ಚಿ, ಬಾಯಿಗಿಟ್ಟು ನಿಧಾನವಾಗಿ ಅಗಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ.

"ದಪ್ಪ ಆಗೇತಿ," ಅಂದರು. "ಇನ್ನೊಂದು ತೆಳ್ಳಗ ಬಡಿ."

ಒಲೆಯ ಕಡೆ ತಿರುಗಿ ಮುಂಗೈಯಿಂದ ಕಣ್ಣೊರೆಸಿಕೊಂಡು ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡೆ.